ಒಂದು ಪೌಂಡಿಗೆ ಮಾರಿಹೋದ ಊರ ಆಟ

ಗಿರಣಿಯ ಬಂಧುಗಳೆ, ಪೇಟೆಯ ಮಿತ್ರರೆ,

ಈ ವಾರ ನಾವು ಒಂದು ಕಾಲ್ಚೆಂಡಾಟದ ತಂಡದ ಕಥೆ ಹೇಳಲು ಕುಳಿತಿದ್ದೇವೆ. ಅದೂ ಇಂಗ್ಲೆಂಡಿನ ತಂಡ. “ದಿನಸಿಯ ಬೆಲೆ ಏರುತ್ತಿದೆ, ಬೋನಸ್ಸಿನ ಮಾತು ಮುಗಿದಿಲ್ಲ, ಇವರಿಗೆ ಎಲ್ಲಿಯ ಆಟದ ಹುಚ್ಚು ಹಿಡಿಯಿತು?” ಎಂದು ಕೇಳುವವರು ಕೇಳಲಿ. ಕಡೆಯವರೆಗೆ ಓದಿ, ಆಮೇಲೆ ಬೈಯಿರಿ. ಇದು ಆಟದ ಕಥೆಯಾಗಿ ಕಾಣುತ್ತದೆ. ಒಳಗೆ ಇರುವುದು ಒಡೆತನದ ಲೆಕ್ಕ. ದುಡಿಯುವವರು ಸೇರಿ ಕಟ್ಟಿದ ವಸ್ತು ಯಾರದು? ಅದನ್ನು ಮಾರುವ, ಒತ್ತೆಯಿಡುವ, ಮುಳುಗಿಸುವ ಅಧಿಕಾರ ಯಾರಿಗೆ? ಇದಿಷ್ಟೇ ಪ್ರಶ್ನೆ. ಈ ಪ್ರಶ್ನೆ ಆ ಊರಿಗೆ ಬಂತು. ನಾಳೆ ಯಾವ ಊರಿಗೂ ಬರಬಹುದು.

ಆ ಊರು, ಆ ಲಾಳಿ

ನಾವು ಶಾಲೆಯಲ್ಲಿ ಭೂಗೋಳ ಹೇಳುತ್ತಿದ್ದಾಗ ಮಕ್ಕಳಿಂದ ಗಟ್ಟಿಯಾಗಿ ಹೇಳಿಸುತ್ತಿದ್ದ ಒಂದು ವಾಕ್ಯವುಂಟು: “ಲಂಕಾಶೈರ್ ಹತ್ತಿ ಬಟ್ಟೆಗೆ ಪ್ರಸಿದ್ಧ.” ಆ ಲಂಕಾಶೈರಿನಲ್ಲಿ, ಮ್ಯಾಂಚೆಸ್ಟರ್ ನಗರದಿಂದ ಸುಮಾರು 8 ಮೈಲಿ ಉತ್ತರಕ್ಕೆ, ಇರ್ವೆಲ್ ನದಿಯ ಬದಿಗೆ ಒಂದು ಗಿರಣಿಯ ಊರಿದೆ. ಹೆಸರು ಬೆರಿ. ಅಕ್ಷರ ನೋಡಿಕೊಂಡು ಓದುವವರು ‘ಬರಿ’ ಎನ್ನುತ್ತಾರೆ. ಆ ಊರನ್ನು ನಿಜವಾಗಿಯೂ ಬರಿದು ಮಾಡಲು ಹೊರಟವರ ಕಥೆ ಮುಂದೆ ಬರುತ್ತದೆ.

ನಮ್ಮ ನೇಕಾರರಿಗೂ ಆ ಊರಿಗೂ ನಂಟು ಹಳೆಯದು. ಬೆರಿಯ ಪಕ್ಕದ ವಾಮ್ಸ್‌ಲೀ ಎಂಬ ಹಳ್ಳಿಯಲ್ಲಿ 1704ರಲ್ಲಿ ಹುಟ್ಟಿದ ಜಾನ್ ಕೇ ಎಂಬಾತ 1733ರಲ್ಲಿ ಹಾರುಲಾಳಿಯನ್ನು ಕಂಡುಹಿಡಿದ. ಹಗ್ಗ ಜಗ್ಗಿದರೆ ಮಗ್ಗದ ಈ ತುದಿಯಿಂದ ಆ ತುದಿಗೆ ಓಡುವ ಲಾಳಿಯೆಂದರೆ ನಮ್ಮ ಮಗ್ಗದ ಮನೆಗಳ ಕೂಸಿಗೂ ಗೊತ್ತು. ಆ ಲಾಳಿಯಿಂದ ಲಕ್ಷ ಲಕ್ಷ ಗಳಿಸಿದ ಕಾರಖಾನೆದಾರರು ಕೇಗೆ ಕೊಡಬೇಕಾದ ಹಣ ಕೊಟ್ಟರೆ? ಇಲ್ಲ. ಕೊಡದಿರುವುದಕ್ಕಾಗಿಯೇ ಕೂಡಿಕೊಂಡು ‘ಲಾಳಿ ಕ್ಲಬ್ಬು’ ಎಂಬ ಕೂಟ ಕಟ್ಟಿದರು, ಕೋರ್ಟಿನ ಖರ್ಚನ್ನು ಹಂಚಿಕೊಂಡರು. ಕೇ ಫ್ರಾನ್ಸಿನಲ್ಲಿ ಬಡವನಾಗಿ ಸತ್ತ. ಸತ್ತ ಮೇಲೆ ಊರಿನಲ್ಲಿ ಅವನ ಹೆಸರಿನ ತೋಟ, ಸ್ಮಾರಕ, ಎಲ್ಲ ಆಯಿತು. ಉಣ್ಣುವಾಗ ಅನ್ನವಿಲ್ಲ, ಸತ್ತ ಮೇಲೆ ಎಡೆ!

ಇನ್ನೊಂದು ನಂಟು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿ, ಅಲ್ಲಿಯ ಹತ್ತಿ ನಿಂತುಹೋದಾಗ ಲಂಕಾಶೈರಿನ ಗಿರಣಿಗಳು ಮುಚ್ಚಿ, ಕೂಲಿಕಾರರು ಗಂಜಿಗೆ ಸಾಲು ನಿಂತರು. ಆಗ ಮ್ಯಾಂಚೆಸ್ಟರಿನ ಧಣಿಗಳ ಕಣ್ಣು ಬಿದ್ದದ್ದು ಧಾರವಾಡದ ಹತ್ತಿಯ ಮೇಲೆ. ಆ ಹತ್ತಿಯನ್ನು ಸಾಗಿಸಲೆಂದೇ ಕಾರವಾರದ ಬಂದರಿನ ಮೇಲೆ ಅವರು ಆಸೆಯಿಟ್ಟರು. ಅಲ್ಲಿ ಗಂಜಿ ಕುಡಿದವನೂ ಇಲ್ಲಿ ಹತ್ತಿ ಬಿಡಿಸಿದವನೂ ಒಂದೇ ಪಂಗಡದವರು. ನಡುವೆ ಲಾಭ ಎಣಿಸಿದವನು ಬೇರೆ ಪಂಗಡದವನು. 1931ರಲ್ಲಿ ಗಾಂಧೀಜಿ ಲಂಕಾಶೈರಿನ ಡಾರ್ವೆನ್ನಿಗೆ ಹೋದಾಗ, ಖಾದಿಯಿಂದ ಕೆಲಸ ಕಳೆದುಕೊಂಡ ಗಿರಣಿಯ ಹೆಣ್ಣುಮಕ್ಕಳೇ ಸುತ್ತುವರಿದು ಜಯಕಾರ ಮಾಡಿದರಲ್ಲ, ಅದರ ಅರ್ಥ ಇದೇ.

ಶನಿವಾರ ಎರಡು ಗಂಟೆ

ಈಗ ಆಟಕ್ಕೆ ಬರೋಣ. ಇಂಗ್ಲೆಂಡಿನಲ್ಲಿ ಕಾಲ್ಚೆಂಡಾಟದ ಪಂದ್ಯಗಳು ರೂಢಿಯಿಂದ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ. ಏಕೆ? ಪಂಚಾಂಗದ ಮುಹೂರ್ತವಲ್ಲ. 1850ರ ಕಾರಖಾನೆ ಕಾನೂನಿನಂತೆ ಬಟ್ಟೆ ಗಿರಣಿಗಳಲ್ಲಿ ಹೆಂಗಸರನ್ನೂ ಎಳೆಯರನ್ನೂ ಶನಿವಾರ ಎರಡು ಗಂಟೆಯ ಮೇಲೆ ದುಡಿಸಕೂಡದೆಂದಾಯಿತು. ಅವರಿಲ್ಲದೆ ಗಿರಣಿ ತಿರುಗುವುದಿಲ್ಲ. ಆದ್ದರಿಂದ ಗಂಡಸರಿಗೂ ಬಿಡುವು. ಆ ಎರಡು ಗಂಟೆಯನ್ನು ಯಾವ ಧಣಿಯೂ ಕೃಪೆಯಿಂದ ಕೊಡಲಿಲ್ಲ. ಹತ್ತು ಗಂಟೆಯ ದಿನಕ್ಕಾಗಿ ಎರಡು ತಲೆಮಾರು ಕೂಗಾಡಿ ಪಡೆದದ್ದು. ಹೋರಾಟದಿಂದ ಬಂದ ಆ ಅರ್ಧ ದಿನದಲ್ಲಿ ಕೂಲಿಕಾರ ಚೆಂಡು ಒದೆಯಲು ಕಲಿತ. ಕಾರಖಾನೆ ಕಾನೂನಿನ ಗಿಡದಲ್ಲಿ ಬಿಟ್ಟ ಹಣ್ಣು ಈ ಆಟ. ಇದನ್ನು ಮರೆಯಕೂಡದು.

ಅಲ್ಲಿಯವರೆಗೆ ಆ ಆಟದ ಕಟ್ಟುಕಟ್ಟಳೆ ಶ್ರೀಮಂತರ ಶಾಲೆಗಳ ಹುಡುಗರ ಕೈಯಲ್ಲಿತ್ತು. 1883ರಲ್ಲಿ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಎಂಬ ಗಿರಣಿಯೂರಿನ ತಂಡ ಲಂಡನ್ನಿಗೆ ಹೋಗಿ, ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳ ತಂಡವನ್ನು ಎಫ್. ಎ. ಕಪ್ಪಿನ ಅಂತಿಮ ಪಂದ್ಯದಲ್ಲಿ 2-1ರಿಂದ ಸೋಲಿಸಿತು. ಗೆದ್ದವರಲ್ಲಿ ನೇಕಾರರಿದ್ದರು, ನೂಲುವವರಿದ್ದರು, ಕಬ್ಬಿಣದ ಕೆಲಸದವರಿದ್ದರು. ಕೂಡಲೇ ದೊಡ್ಡವರಿಗೆ ಧರ್ಮಚಿಂತೆ ಹತ್ತಿತು: ಆಟಕ್ಕೆ ಕೂಲಿ ಪಡೆಯುವುದು ಹೀನವಂತೆ! ಹೊಟ್ಟೆ ತುಂಬಿದವನಿಗೆ ಆಟ ವಿನೋದ. ಅರ್ಧ ದಿನದ ಕೂಲಿ ಕಳೆದುಕೊಂಡು ರೈಲು ಹತ್ತಿ ಬರುವವನಿಗೆ? ಕೊನೆಗೆ 1885ರಲ್ಲಿ ಕೂಲಿ ಪಡೆದು ಆಡುವುದು ನ್ಯಾಯವೆಂದು ಒಪ್ಪಬೇಕಾಯಿತು.

ಅದೇ 1885ರ ಏಪ್ರಿಲಿನಲ್ಲಿ ಬೆರಿ ಊರಿನ ಎರಡು ಚರ್ಚುಗಳ ತಂಡದವರು, ವೆಸ್ಲಿಯನ್ನರು ಮತ್ತು ಯೂನಿಟೇರಿಯನ್ನರು, ವೈಟ್ ಹಾರ್ಸ್ ಎಂಬ ಹೋಟೆಲಿನಲ್ಲಿ ಕೂಡಿ ಒಂದಾದರು. ಹುಟ್ಟಿದ್ದು ಬೆರಿ ಫುಟ್‌ಬಾಲ್ ಕ್ಲಬ್. ಪಂಥ ಎರಡು, ದೇವರ ಪೂಜೆಯ ಕ್ರಮ ಎರಡು, ಚೆಂಡು ಒಂದು. ಆಡಲು ಗಿಗ್ ಲೇನ್ ಎಂಬಲ್ಲಿ ಡರ್ಬಿ ಪ್ರಭುವಿನ ಜಮೀನಿನಲ್ಲಿ ಜಾಗ ಸಿಕ್ಕಿತು. ಸೆಪ್ಟೆಂಬರಿನ ಮೊದಲ ಪಂದ್ಯದಲ್ಲಿ ವಿಗನ್ ಮೇಲೆ 4-3ರ ಜಯ. 1922ರಲ್ಲಿ ಡರ್ಬಿ ಪ್ರಭುವಿನ ವಂಶದವರು ಆ ನೆಲವನ್ನು ಕ್ಲಬ್ಬಿಗೆ ದಾನವಾಗಿ ಕೊಟ್ಟರು. ಈ ದಾನವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಲೆಕ್ಕಕ್ಕೆ ಬರುತ್ತದೆ.

ಆಡಿ ಗಳಿಸಿದ ಆಸ್ತಿ

ಈ ಚಿಕ್ಕ ಊರಿನ ತಂಡದ ದಾಖಲೆಗಳನ್ನು ನೋಡಿ. 1894ರಲ್ಲಿ ಲೀಗಿನ ಎರಡನೆಯ ದರ್ಜೆಗೆ ಸೇರಿತು. ಸೇರಿದ ಮೊದಲ ವರ್ಷವೇ ಅದನ್ನು ಗೆದ್ದು ಮೊದಲನೆಯ ದರ್ಜೆಗೆ ಏರಿತು. 1900ರಲ್ಲಿ ಸೌತಾಂಪ್ಟನ್ನನ್ನು 4-0ರಿಂದ ಸೋಲಿಸಿ ಎಫ್. ಎ. ಕಪ್ ತಂದಿತು. 1903ರಲ್ಲಿ ಮತ್ತೆ ಅಂತಿಮ ಪಂದ್ಯ. ಎದುರಿಗೆ ಡರ್ಬಿ ಕೌಂಟಿ. ಬೆರಿ ಹಾಕಿದ ಗೋಲು 6, ಬಿಟ್ಟುಕೊಟ್ಟದ್ದು ಸೊನ್ನೆ. ಆ ಪಂದ್ಯದಲ್ಲಿ ಮಾತ್ರವಲ್ಲ, ಆ ವರ್ಷದ ಕಪ್ಪಿನ ಎಲ್ಲ ಪಂದ್ಯಗಳಲ್ಲಿಯೂ ಸೇರಿ ಒಂದೇ ಒಂದು ಗೋಲನ್ನು ಬಿಟ್ಟುಕೊಡಲಿಲ್ಲ. ಕಪ್ಪಿನ ಅಂತಿಮ ಪಂದ್ಯದಲ್ಲಿ ಅಷ್ಟು ಅಂತರದ ಗೆಲುವು 116 ವರ್ಷ ಯಾರಿಗೂ ದಕ್ಕಲಿಲ್ಲ.

ಆ ಗೆದ್ದ ಆಟಗಾರರ ಸಂಬಳವೆಷ್ಟು? 1901ರಿಂದ ಜಾರಿಗೆ ಬಂದ ಕಟ್ಟಳೆಯ ಪ್ರಕಾರ ವಾರಕ್ಕೆ 4 ಪೌಂಡಿಗಿಂತ ಹೆಚ್ಚು ಕೊಡುವಂತಿಲ್ಲ! ಧಣಿಗಳ ಲಾಭಕ್ಕೆ ಮಿತಿ ಹಾಕಿದರೆ ಸ್ವಾತಂತ್ರ್ಯಹರಣ, ಆಟಗಾರನ ಕೂಲಿಗೆ ಮಿತಿ ಹಾಕಿದರೆ ಶಿಸ್ತು. ಆಟಗಾರರು 1907ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸಂಘ ಕಟ್ಟಿಕೊಂಡರು. ಮುಷ್ಕರದ ಬೆದರಿಕೆ ಹಾಕಿ ಆ ಮಿತಿಯನ್ನು ಕಿತ್ತೊಗೆಯಲು 1961 ಬರಬೇಕಾಯಿತು.

1925-26ರಲ್ಲಿ ಬೆರಿ ಮೊದಲ ದರ್ಜೆಯಲ್ಲಿ 4ನೆಯ ಸ್ಥಾನ ಪಡೆಯಿತು. ಅದಕ್ಕಿಂತ ಮೇಲೆ ಅದು ಎಂದೂ ಏರಲಿಲ್ಲ. ನಾರ್ಮನ್ ಬುಲಕ್ ಎಂಬ ಆಟಗಾರ 1920ರಿಂದ 1935ರವರೆಗೆ ಇದೊಂದೇ ತಂಡಕ್ಕೆ 506 ಲೀಗು ಪಂದ್ಯ ಆಡಿದ, 124 ಗೋಲು ಹಾಕಿದ. ಆ ಗೋಲುಗಳ ದಾಖಲೆಯನ್ನು ಮುಂದೆ ಕ್ರೇಗ್ ಮ್ಯಾಡನ್ 129ಕ್ಕೆ ಏರಿಸಿದ. 1960ರ ಜನವರಿಯಲ್ಲಿ ನೆರೆಯ ಬೋಲ್ಟನ್ ತಂಡದೊಡನೆ ಕಪ್ಪಿನ ಪಂದ್ಯವಾದಾಗ ಗಿಗ್ ಲೇನಿನಲ್ಲಿ 35,000 ಜನ ನೆರೆದರು. ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ತಂಡವೂ ದರ್ಜೆ ಇಳಿಯಿತು, ಏರಿತು, ಮತ್ತೆ ಇಳಿಯಿತು. ಆ ಇಳಿತದಲ್ಲಿಯೂ ಒಂದು ಕೀರ್ತಿ ಕೂಡಿತು: ಇಂಗ್ಲಿಷ್ ಲೀಗಿನ ನಾಲ್ಕು ದರ್ಜೆಗಳಲ್ಲಿಯೂ ಸಾವಿರ ಸಾವಿರ ಗೋಲು ಹಾಕಿದ ಮೊಟ್ಟಮೊದಲ ತಂಡ ಬೆರಿ. ಆ ದಿನ 2005ರ ಆಗಸ್ಟ್ 27. ಮೇಲಿದ್ದಾಗಲೂ ಆಡಿದರು, ಕೆಳಗೆ ಬಿದ್ದಾಗಲೂ ಆಡಿದರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? 2002ರಲ್ಲಿ ಸಾಲದಲ್ಲಿ ಮುಳುಗಿ ಕ್ಲಬ್ಬು ಆಡಳಿತಗಾರರ ವಶಕ್ಕೆ ಹೋದಾಗ ಊರಿನ ಜನ ಚಂದಾ ಎತ್ತಿ ಉಳಿಸಿಕೊಂಡಿದ್ದರು.

ಇದು ಬೆರಿಯ ಆಸ್ತಿ. ತಿಜೋರಿಯಲ್ಲಿ ಇಡುವಂಥದಲ್ಲ. ಅಜ್ಜ ಮೊಮ್ಮಗನ ಕೈ ಹಿಡಿದು ಕರೆದುಕೊಂಡು ಹೋದ ಶನಿವಾರಗಳ ಆಸ್ತಿ.

ದಾನದ ನೆಲ ಒತ್ತೆಗೆ

ಈಗ ಕಳ್ಳದಾರಿ ಹೇಗೆ ತೆರೆಯಿತೆಂದು ಕೇಳಿ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಮೊದಲು ಒಂದು ಒಳ್ಳೆಯ ಕಟ್ಟಳೆ ಇಟ್ಟಿತ್ತು: ಕ್ಲಬ್ಬಿನ ಷೇರುದಾರರಿಗೆ ಶೇಕಡಾ ಇಷ್ಟಕ್ಕಿಂತ ಹೆಚ್ಚು ಲಾಭ ಹಂಚಕೂಡದು, ನಿರ್ದೇಶಕರು ಸಂಬಳ ಪಡೆಯಕೂಡದು. ಕ್ಲಬ್ಬು ಊರಿನದು, ವ್ಯವಹಾರಸ್ಥ ಅದರ ಪಾರುಪತ್ಯಗಾರ ಮಾತ್ರ ಎಂಬುದು ಅದರ ಭಾವ. 1983ರಲ್ಲಿ ಲಂಡನ್ನಿನ ಟಾಟನ್‌ಹ್ಯಾಮ್ ಕ್ಲಬ್ಬಿನ ಒಡೆಯರು ಕ್ಲಬ್ಬಿನ ಮೇಲೊಂದು ಬೇರೆ ಕಂಪನಿ ಕಟ್ಟಿ, ಆ ಕಂಪನಿಯ ಷೇರುಗಳನ್ನು ಪೇಟೆಗೆ ಬಿಟ್ಟರು. ಕಟ್ಟಳೆ ಕ್ಲಬ್ಬಿಗೆ ತಾನೆ, ಕಂಪನಿಗೆ ಅಲ್ಲವಲ್ಲ! ಸಂಸ್ಥೆ ಕಣ್ಣು ಮುಚ್ಚಿ ಕುಳಿತಿತು. ಬೇಲಿಯೇ ಎದ್ದು ಹೊಲ ಮೇಯಿತು.

ಅದೇ ಕಾಲಕ್ಕೆ ಇನ್ನೊಂದು ಪದ್ಧತಿಯನ್ನೂ ತೆಗೆದರು. ಮೊದಲು ಲೀಗಿನ ಪಂದ್ಯದ ಟಿಕೇಟಿನ ಹಣದಲ್ಲಿ ಬಂದ ತಂಡಕ್ಕೂ ಪಾಲಿತ್ತು. 1983ರಿಂದ ಅದು ನಿಂತಿತು, ಪೂರ್ತಿ ಹಣ ಮನೆಯಂಗಳದ ತಂಡಕ್ಕೇ. ದೊಡ್ಡ ಊರಿನ ದೊಡ್ಡ ಅಂಗಳದವನು ಇನ್ನೂ ದೊಡ್ಡವನಾದ. 1992ರಲ್ಲಿ ಮೇಲಿನ ದರ್ಜೆಯ ತಂಡಗಳು ಸಿಡಿದು ಪ್ರೀಮಿಯರ್ ಲೀಗು ಕಟ್ಟಿಕೊಂಡವು. ದೂರದರ್ಶನದ ಹಣದ ಹೊಳೆ ಅವರ ಗದ್ದೆಗೆ ತಿರುಗಿತು. ಕೆಳಗಿನವರಿಗೆ ಬಸಿದು ಬಂದ ಹನಿ.

ಹನಿ ಸಾಲದಾದಾಗ ಕೆಳಗಿನ ಕ್ಲಬ್ಬುಗಳು ‘ಹಣವಂತ ಬರಲಿ’ ಎಂದು ಬಾಗಿಲು ತೆರೆದವು. ಬೆರಿಗೆ 2013ರಲ್ಲಿ ಕಟ್ಟಡ ವ್ಯವಹಾರದ ಒಬ್ಬ ಧಣಿ ಬಂದ. ಕ್ಲಬ್ಬಿನ ಗಳಿಕೆಗೆ ಮೀರಿ ಆಟಗಾರರಿಗೆ ಸಂಬಳ ಹರಿಯಿತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಗಿಗ್ ಲೇನಿನ ನೆಲ ಬಡ್ಡಿಯವರಿಗೆ ಒತ್ತೆಬಿತ್ತು. ಜಮೀನ್ದಾರ ಬಿಟ್ಟುಕೊಟ್ಟದ್ದನ್ನು ಬಂಡವಾಳಗಾರ ಒತ್ತೆಯಿಟ್ಟ! ಆಮೇಲೆ, 2018ರ ಡಿಸೆಂಬರಿನಲ್ಲಿ, ಆತ ಕ್ಲಬ್ಬನ್ನು ಇನ್ನೊಬ್ಬನಿಗೆ ಮಾರಿದ. ಎಷ್ಟಕ್ಕೆ? ಒಂದು ಪೌಂಡಿಗೆ. 133 ವರ್ಷ, ಎರಡು ಕಪ್ಪು, ನಾಲ್ಕು ಸಾವಿರ ಗೋಲು, ಎಲ್ಲ ಸೇರಿ ಒಂದು ಪೌಂಡು. ಕೊಂಡವನು ಮುಂದೆ ಏನು ಹೇಳಿದನೆಂದರೆ, ಬೆರಿಯಲ್ಲಿ ಒಂದು ಕಾಲ್ಚೆಂಡಾಟದ ತಂಡವಿದೆಯೆಂಬುದೇ ತನಗೆ ತಿಳಿದಿರಲಿಲ್ಲವಂತೆ! ಇದನ್ನು ಗುಟ್ಟಾಗಿ ಹೇಳಲಿಲ್ಲ, ರೇಡಿಯೋದಲ್ಲಿ ಹೇಳಿದ. ಆತನ ಹೆಸರು ಬರೆದು ನಾವು ಶಾಯಿ ಕೆಡಿಸುವುದಿಲ್ಲ. ಒಬ್ಬನ ಹೆಸರು ಬರೆದರೆ ತಪ್ಪು ಆ ಒಬ್ಬನದು ಎಂದಾಗುತ್ತದೆ. ಹಣವಿದೆಯೋ ಇಲ್ಲವೋ ಎಂಬ ಪುರಾವೆಯನ್ನು ಕೈಗೆ ಪಡೆಯುವ ಮೊದಲೇ ಒಡೆತನ ಬದಲಾಗಲು ಬಿಟ್ಟ ಲೀಗಿನ ಕಟ್ಟಳೆಯ ಹೆಸರನ್ನು ಯಾರು ಬರೆಯಬೇಕು?

ಮುಂದಿನದನ್ನು ಗಿರಣಿಯ ಬಂಧುಗಳು ಕಣ್ಣಿಟ್ಟು ಓದಬೇಕು. 2019ರ ವಸಂತದಲ್ಲಿ ಆಟಗಾರರಿಗೂ ಸಿಬ್ಬಂದಿಗೂ ಸಂಬಳ ನಿಂತಿತು. ಸಂಬಳವಿಲ್ಲದ ಆಟಗಾರರು ಏನು ಮಾಡಿದರು? ಆಡಿದರು. ಏಪ್ರಿಲ್ 30ರಂದು ಟ್ರಾನ್ಮಿಯರ್ ವಿರುದ್ಧ ಸಮ ಮಾಡಿಕೊಂಡು, ನಾಲ್ಕನೆಯ ದರ್ಜೆಯಿಂದ ಮೂರನೆಯದಕ್ಕೆ ಬಡ್ತಿ ಗಳಿಸಿಕೊಟ್ಟರು. ಮೈದಾನದಲ್ಲಿ ಗೆಲುವು, ಕಚೇರಿಯಲ್ಲಿ ದಿವಾಳಿ.

ಪೇಟೆಯ ಮಿತ್ರರೂ ಕೇಳಬೇಕು. ಜುಲೈಯಲ್ಲಿ ಸಾಲ ಕೊಟ್ಟವರೊಡನೆ ಒಂದು ಒಪ್ಪಂದವಾಯಿತು. ಆಟಗಾರರ ಮತ್ತು ಬೇರೆ ಕ್ಲಬ್ಬುಗಳ ಬಾಕಿಯನ್ನು ಪೂರ್ತಿ ತೀರಿಸುವುದು. ಒತ್ತೆಯಿಲ್ಲದೆ ಉದ್ರಿ ಕೊಟ್ಟವರಿಗೆ, ಅಂದರೆ ಸಾಮಾನು ಕಳಿಸಿದ ಅಂಗಡಿಯವರು, ರಿಪೇರಿ ಮಾಡಿದವರು, ಸರ್ಕಾರದ ತೆರಿಗೆ ಇಲಾಖೆ, ಇವರಿಗೆಲ್ಲ ಪೌಂಡಿಗೆ 25 ಪೆನ್ಸ್. ರೂಪಾಯಿಗೆ ನಾಲ್ಕಾಣೆ! ಅದೂ ಮಾತಿನಲ್ಲಿ. ಒಂದು ಪೌಂಡು ಕೊಟ್ಟು ಕೊಂಡವನ ಸಾಲದ ಭಾರ ಚಿಕ್ಕ ಅಂಗಡಿಯವನ ಕಿರ್ದಿ ಪುಸ್ತಕದ ಮೇಲೆ ಬಿತ್ತು.

ಆಗಸ್ಟಿನಲ್ಲಿ ಲೀಗಿನವರು ಗಡುವಿನ ಮೇಲೆ ಗಡುವು ಕೊಟ್ಟರು. ಹಳೆಯ ಆಟಗಾರನೊಬ್ಬನ ಮಗಳು, ಹಿಂದೆ ಕ್ಲಬ್ಬಿನ ನಿರ್ದೇಶಕಿಯಾಗಿದ್ದವರು, ಗಿಗ್ ಲೇನಿನ ನೀರಿನ ಕೊಳವೆಗೆ ತಮ್ಮನ್ನು ಸರಪಳಿಯಿಂದ ಕಟ್ಟಿಕೊಂಡು ಕುಳಿತರು. ಕೊನೆಯ ದಿನ, ಹೊಸ ಒಡೆಯರು ಬರುತ್ತಾರೆ, ಶನಿವಾರ ಪಂದ್ಯ ನಡೆಯುತ್ತದೆ ಎಂಬ ಸುದ್ದಿ ನಂಬಿ ನೂರಾರು ಜನ ಪೊರಕೆ, ಬಕೆಟ್ಟು ಹಿಡಿದು ಬಂದು ಕ್ರೀಡಾಂಗಣದ ಮೆಟ್ಟಿಲು ಗುಡಿಸಿದರು, ಆಸನ ಒರೆಸಿದರು. ಅವರಿಗೆ ಯಾರೂ ಕೂಲಿ ಕೊಡಲಿಲ್ಲ. ಜಾತ್ರೆಯ ಹಿಂದಿನ ದಿನ ಗುಡಿಯಂಗಳ ಸಾರಿಸುವವರಿಗೆ ಕೂಲಿ ಯಾರು ಕೊಡುತ್ತಾರೆ? ಸಂಜೆಗೆ ವ್ಯವಹಾರ ಮುರಿದುಬಿತ್ತು. ರಾತ್ರಿ ಲೀಗಿನ ತೀರ್ಪು ಬಂತು: 1894ರಿಂದ 125 ವರ್ಷ ಲೀಗಿನಲ್ಲಿದ್ದ ಬೆರಿ ಹೊರಗೆ. ಆ ದಿನವೂ ಆಗಸ್ಟ್ 27. ಸಾವಿರದ ಗೋಲಿನ ದಾಖಲೆಯಾದ ಅದೇ ತಾರೀಖು, 14 ವರ್ಷದ ಮೇಲೆ.

ಅದೇ 2019ರ ಮೇ ತಿಂಗಳಲ್ಲಿ ಕಪ್ಪಿನ ಅಂತಿಮ ಪಂದ್ಯದಲ್ಲಿ ಬೆರಿಯ 6-0 ದಾಖಲೆಯನ್ನು ಒಂದು ತಂಡ ಸರಿಗಟ್ಟಿತ್ತು. ಯಾವುದು? ಎಂಟು ಮೈಲಿ ಆಚೆಯ ಮ್ಯಾಂಚೆಸ್ಟರ್ ಸಿಟಿ. 2008ರಲ್ಲಿ ಅಬುಧಾಬಿಯ ಅರಸುಮನೆತನದವರು ಕೊಂಡ ತಂಡ. 116 ವರ್ಷದ ದಾಖಲೆಯನ್ನು ಎಣ್ಣೆಯ ಹಣ ಮೇ ತಿಂಗಳಲ್ಲಿ ಮುಟ್ಟಿತು. ದಾಖಲೆ ಮಾಡಿದ ತಂಡ ಆಗಸ್ಟಿನಲ್ಲಿ ಬೀದಿಗೆ ಬಿತ್ತು. ಆ ಹುಡುಗರ ಆಟವನ್ನು ನಾವು ಹಳಿಯುವುದಿಲ್ಲ, ಅವರು ಚೆನ್ನಾಗಿಯೇ ಆಡಿದರು. ಒಂದೇ ಆಟದ ಒಂದೇ ನೆಲದಲ್ಲಿ ಎಂಟು ಮೈಲಿಯ ಅಂತರದಲ್ಲಿ ಒಬ್ಬನ ಎಲೆಯಲ್ಲಿ ಊಟ ಚೆಲ್ಲುತ್ತಿದ್ದಾಗ ಇನ್ನೊಬ್ಬನ ಎಲೆಯನ್ನೇ ಎತ್ತಿದರಲ್ಲ, ಅದನ್ನು ಕೇಳುತ್ತೇವೆ.

ಅವರ ವಾದ, ನಮ್ಮ ಉತ್ತರ

“ಖಾಸಗಿ ಆಸ್ತಿ. ಕೊಂಡವನ ಇಷ್ಟ” ಎನ್ನುತ್ತಾರೆ. ಒಂದು ಪೌಂಡಿಗೆ ಆತ ಕೊಂಡದ್ದಾದರೂ ಏನನ್ನು? ನೆಲ ದಾನದ್ದು. ಹೆಸರು ಎರಡು ಚರ್ಚಿನ ಹುಡುಗರು ಇಟ್ಟದ್ದು. ಕೀರ್ತಿ ವಾರಕ್ಕೆ ನಾಲ್ಕು ಪೌಂಡಿನವರು ತಂದದ್ದು. ಕೊಂಡವನು ತಂದದ್ದು ಒಂದು ಸಹಿ. ಸಹಿಯಿಂದ ಒಡೆತನ ಹುಟ್ಟುವುದಾದರೆ ಬೆವರಿನಿಂದ ಏಕೆ ಹುಟ್ಟಬಾರದು?

“ದುರ್ಬಲರು ಸಾಯುವುದೇ ಪೇಟೆಯ ನಿಯಮ” ಎನ್ನುತ್ತಾರೆ. ಅಂಗಡಿ ಇಟ್ಟವರನ್ನೇ ಕೇಳೋಣ. ಎದುರಿನ ಅಂಗಡಿ ಮುಚ್ಚಿದರೆ ಅದರ ಗಿರಾಕಿ ನಿಮ್ಮಲ್ಲಿಗೆ ಬರುತ್ತಾನೆ, ಸರಿ. ಬೆರಿ ಮುಚ್ಚಿದಾಗ ಬೆರಿಯ ಅಭಿಮಾನಿ ಬೋಲ್ಟನ್ನಿನ ಅಭಿಮಾನಿಯಾದನೆ? ಕನಸಿನಲ್ಲಿಯೂ ಆಗಲಾರ! ಆಟದಲ್ಲಿ ಎದುರಾಳಿ ಸತ್ತರೆ ಲಾಭವಿಲ್ಲ, ಪಂದ್ಯವೇ ಇಲ್ಲ. ಆ ವರ್ಷ ಮೂರನೆಯ ದರ್ಜೆ 24ರ ಬದಲು 23 ತಂಡಗಳಿಂದ ನಡೆಯಿತು. ಶನಿವಾರದ ಜನವನ್ನು ನಂಬಿದ ಚಹದ ಅಂಗಡಿ, ತಿಂಡಿಯ ಅಂಗಡಿ, ಪಬ್ಬುಗಳಿಗೆ ಹೋದ ಗಿರಾಕಿ ಬೇರೆಲ್ಲಿಯೂ ಹೋಗಲಿಲ್ಲ, ಮನೆಯಲ್ಲಿ ಕುಳಿತ. ಇನ್ನು ‘ನಿಯಮ’ವೆಂದರೆ ಯಾವುದು? 1983ರಲ್ಲಿ, 1992ರಲ್ಲಿ ಒಡೆಯರು ಕೈಯೆತ್ತಿ ಮಾಡಿಕೊಂಡ ಏರ್ಪಾಟನ್ನು ಮಳೆ ಗಾಳಿಯಂತೆ ಪ್ರಕೃತಿಯ ನಿಯಮವೆನ್ನುವುದು ಕುತಂತ್ರ. ಮನುಷ್ಯರು ಮಾಡಿದ್ದನ್ನು ಮನುಷ್ಯರು ಬದಲಿಸಬಹುದು.

ಅದೇ ಧಣಿಗಳು ತಮ್ಮ ಪಾಲಿಗೆ ಪೈಪೋಟಿ ಬೇಡವೆನ್ನುವುದನ್ನೂ ನೋಡಿ. 2021ರ ಏಪ್ರಿಲಿನಲ್ಲಿ ಯೂರೋಪಿನ 12 ಶ್ರೀಮಂತ ಕ್ಲಬ್ಬುಗಳು, ಅವುಗಳಲ್ಲಿ 6 ಇಂಗ್ಲೆಂಡಿನವು, ಸ್ಥಾಪಕರು ಎಂದೂ ಕೆಳಗಿಳಿಯದ ಒಂದು ‘ಸೂಪರ್ ಲೀಗು’ ಘೋಷಿಸಿದವು. ಬಡವನಿಗೆ ಪೇಟೆಯ ನಿಯಮ, ತಮಗೆ ಶಾಶ್ವತ ಪೀಠ! ಅಭಿಮಾನಿಗಳು ಬೀದಿಗಿಳಿದರು. ಎರಡೇ ದಿನದಲ್ಲಿ ಇಂಗ್ಲೆಂಡಿನ ಆರೂ ಕ್ಲಬ್ಬುಗಳು ಬಾಲ ಮುದುಡಿಕೊಂಡು ಹಿಂದೆ ಬಂದವು. ಜನ ಎದ್ದರೆ ಎರಡು ದಿನ ಸಾಕು.

“ಜನರ ಕಮಿಟಿಯಿಂದ ಕ್ಲಬ್ಬು ನಡೆದೀತೆ?” ಎನ್ನುತ್ತಾರೆ. ಎಕ್ಸೆಟರ್ ಸಿಟಿಯನ್ನು ಅಭಿಮಾನಿಗಳ ಟ್ರಸ್ಟು 2003ರಲ್ಲಿ ಕೈಗೆತ್ತಿಕೊಂಡು ನಡೆಸಿ ತೋರಿಸಿತು. ವಿಂಬಲ್ಡನ್ ತಂಡವನ್ನು ಬೇರೆ ಊರಿಗೆ ಹೊತ್ತೊಯ್ಯಲು ಅಪ್ಪಣೆಯಾದಾಗ ಅಭಿಮಾನಿಗಳು 2002ರಲ್ಲಿ ತಮ್ಮದೇ ತಂಡ ಕಟ್ಟಿ, ಒಂಬತ್ತು ವರ್ಷದಲ್ಲಿ ಲೀಗಿಗೆ ಏರಿಸಿದರು. ಜರ್ಮನಿಯಲ್ಲಿ ಕ್ಲಬ್ಬಿನ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸದಸ್ಯರ ಕೈಯಲ್ಲಿರಬೇಕೆಂಬುದೇ ಸಾಮಾನ್ಯ ಕಟ್ಟಳೆ. ನಡೆಸಲಾರದೆ ಮುಳುಗಿಸಿದವರು ಯಾರು, ಕಮಿಟಿಯೋ, ಧಣಿಯೋ?

ನಮ್ಮ ತಪ್ಪೂ ಉಂಟು

ಪರರ ತಪ್ಪು ಹೇಳಿ ನಮ್ಮವರದನ್ನು ಮುಚ್ಚಿಟ್ಟರೆ ಅದು ಪತ್ರಿಕೆಯಲ್ಲ, ಡಂಗುರ. ಧಣಿ ಗಳಿಕೆಗೆ ಮೀರಿ ಆಟಗಾರರನ್ನು ತಂದಾಗ ಬೆರಿಯ ಜನ ಚಪ್ಪಾಳೆ ತಟ್ಟಿದರು. “ಹಣ ಎಲ್ಲಿಂದ ಬಂತು, ನೆಲದ ಪತ್ರ ಯಾರ ಬಳಿ ಇದೆ?” ಎಂದು ಕೆಲವರು ಕೇಳಿದರೂ ಹಲವರು ಕೇಳಲಿಲ್ಲ. ಗೋಲು ಬೀಳುತ್ತಿದ್ದಾಗ ಲೆಕ್ಕ ಕೇಳುವವನು ಯಾರಿಗೆ ಬೇಕು?

ಇಂಗ್ಲೆಂಡಿನ ಸಮಾಜವಾದಿಗಳೂ ತಪ್ಪಿದರು. 1945ರಲ್ಲಿ ಅಧಿಕಾರಕ್ಕೆ ಬಂದ ಕಾರ್ಮಿಕ ಪಕ್ಷದ ಸರ್ಕಾರ ಗಣಿಗಳನ್ನು ರಾಷ್ಟ್ರದ ಸ್ವತ್ತು ಮಾಡಿತು, ರೈಲುಗಳನ್ನು ಮಾಡಿತು. ಅದೇ ಗಣಿಗಾರ, ಅದೇ ರೈಲುಕೂಲಿ ಶನಿವಾರ ನಿಲ್ಲುವ ಮೈದಾನ ಯಾರ ಹೆಸರಿನಲ್ಲಿದೆ ಎಂದು ನೋಡಲಿಲ್ಲ. ಅದು ‘ಬರೀ ಆಟ’. ನಮ್ಮಲ್ಲಿಯೂ ಕೆಲವರು ಆಟವೆಂದರೆ ದುಡಿಯುವವನ ಅಫೀಮು ಎಂದು ಮೂಗು ಮುರಿಯುತ್ತಾರೆ. ನಾವು ಒಪ್ಪುವುದಿಲ್ಲ. ಹೋರಾಡಿ ಪಡೆದ ಬಿಡುವಿನಲ್ಲಿ ಮನುಷ್ಯ ಸಂತೋಷಪಟ್ಟರೆ ಅದು ಅಮಲೇ? ಕೂಲಿಯನ್ನಷ್ಟೇ ಕೇಳಿ ಸಂತೋಷವನ್ನು ಧಣಿಗೆ ಬಿಟ್ಟುಕೊಡುವುದು ಯಾವ ಸಮಾಜವಾದ?

ಬೂದಿಯಿಂದ ಎದ್ದದ್ದು

ಬೆರಿಯ ಜನ ಅತ್ತು ಸುಮ್ಮನಾಗಲಿಲ್ಲ. 2019ರಲ್ಲಿಯೇ ಅಭಿಮಾನಿಗಳ ಒಂದು ಗುಂಪು ಹೊಸ ತಂಡ ಕಟ್ಟಿ, ನೆರೆಯ ರ್ಯಾಡ್‌ಕ್ಲಿಫಿನ ಮೈದಾನದಲ್ಲಿ ಆಡಿಸಿತು. ಇನ್ನೊಂದು ಗುಂಪು ಹಳೆಯ ನೆಲವನ್ನೇ ಉಳಿಸಲು ಹೊರಟಿತು. 2022ರ ಫೆಬ್ರವರಿಯಲ್ಲಿ ಚಂದಾ, ದಾನ, ಸರ್ಕಾರದ ನೆರವು ಸೇರಿಸಿ ಗಿಗ್ ಲೇನನ್ನು ಬಿಡಿಸಿಕೊಂಡರು. ದಾನವಾಗಿ ಬಂದ ನೆಲವನ್ನು ಜನ ಮತ್ತೆ ಹಣ ಕೊಟ್ಟು ಕೊಳ್ಳಬೇಕಾಯಿತು!

ಆಮೇಲೆ ಎರಡು ಗುಂಪಿಗೂ ಜಗಳ. ನಮ್ಮವರ ಹಳೆಯ ರೋಗ ಅಲ್ಲಿಯೂ ಇದೆ. ಒಂದಾಗೋಣವೆಂಬ ಪ್ರಸ್ತಾಪ 2022ರ ಅಕ್ಟೋಬರಿನಲ್ಲಿ ಬೇಕಾದಷ್ಟು ಮತ ಸಿಗದೆ ಬಿತ್ತು. ಮತ್ತೆ ಮನೆಮನೆ ಮಾತು, ಮತ್ತೆ ಸಭೆ. 2023ರಲ್ಲಿ ಎರಡನೆಯ ಮತದಾನದಲ್ಲಿ ಗೆದ್ದಿತು. 1885ರಲ್ಲಿ ಎರಡು ಚರ್ಚಿನವರು ಒಂದಾದಂತೆ 2023ರಲ್ಲಿ ಎರಡು ಗುಂಪಿನವರು ಒಂದಾದರು. ಈ ಸಲ ಬಹುಪಾಲು ಒಡೆತನ ಅಭಿಮಾನಿಗಳ ಸಂಘದ ಕೈಯಲ್ಲಿ. ಒಂಬತ್ತನೆಯ ಹಂತದ ಸಣ್ಣ ಲೀಗಿನಲ್ಲಿ ಗಿಗ್ ಲೇನಿಗೆ ಸಾವಿರಾರು ಜನ ಬಂದರು. 2025ರಲ್ಲಿ ಆ ಲೀಗನ್ನು ಗೆದ್ದು ಎಂಟನೆಯ ಹಂತಕ್ಕೆ ಏರಿದರು. 6-0ರ ತಂಡಕ್ಕೆ ಇದು ಚಿಕ್ಕ ಮೆಟ್ಟಿಲು. ಆದರೆ ತಮ್ಮ ಕಾಲಿನಿಂದ ಹತ್ತಿದ ಮೆಟ್ಟಿಲು.

ಸರ್ಕಾರವೂ ಕಣ್ಣು ತೆರೆಯಿತು, ತಡವಾಗಿ. ಬೆರಿಯ ಸಾವು ಮತ್ತು ಸೂಪರ್ ಲೀಗಿನ ಹಗರಣದ ಮೇಲೆ 2021ರಲ್ಲಿ ಪರಿಶೀಲನೆ ನಡೆದು, 2025ರ ಜುಲೈಯಲ್ಲಿ ಫುಟ್‌ಬಾಲ್ ಆಡಳಿತದ ಕಾನೂನು ಬಂತು: ಸ್ವತಂತ್ರ ನಿಯಂತ್ರಕ, ಮೇಲಿನ ಐದು ಹಂತದ ಕ್ಲಬ್ಬುಗಳಿಗೆ ಪರವಾನಗಿ, ಒಡೆಯನಾಗುವವನ ಪರೀಕ್ಷೆ, ಮೈದಾನ ಮಾರಲು ಅಪ್ಪಣೆ. ಒಳ್ಳೆಯದು, ಸ್ವಾಗತ. ಆದರೆ ಎರಡು ಮಾತು. ಐದನೆಯ ಹಂತದವರೆಗೆ ಮಾತ್ರ ಕಾನೂನು. ಯಾವ ಕ್ಲಬ್ಬಿನ ಸಾವಿನಿಂದ ಅದು ಹುಟ್ಟಿತೋ ಆ ಬೆರಿ ಆಗ ಎಂಟರಲ್ಲಿ! ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು, ಊರವರನ್ನು ಹೊರಗೆ ನಿಲ್ಲಿಸಿ. ಎರಡನೆಯದು, ಕಾನೂನು ಒಡೆಯನನ್ನು ಪರೀಕ್ಷಿಸುತ್ತದೆ, ಒಡೆತನವನ್ನು ಪರೀಕ್ಷಿಸುವುದಿಲ್ಲ. ಒಳ್ಳೆಯ ಧಣಿಯನ್ನು ಹುಡುಕಿಕೊಡುತ್ತೇವೆ ಎನ್ನುತ್ತದೆ. ಧಣಿಯೇ ಏಕೆ ಬೇಕು ಎಂದು ಕೇಳುವುದಿಲ್ಲ. ಆ ಪ್ರಶ್ನೆ ಕೇಳುವವರು ಪೊರಕೆ ಹಿಡಿದು ಬಂದ ಆ ನೂರಾರು ಜನ.

ಬಂಧುಗಳೆ, ಬೆರಿಯಿಂದ ನಾವು ಕಲಿಯಬೇಕಾದದ್ದು ಮೂರೇ. ಕೂಡಿ ಕಟ್ಟಿದ್ದನ್ನು, ಅದು ಸಂಘದ ಕಟ್ಟಡವಾಗಲಿ, ವಾಚನಾಲಯವಾಗಲಿ, ಗರಡಿಮನೆಯಾಗಲಿ, ಒಬ್ಬನ ಹೆಸರಿನಲ್ಲಿ ಬಿಡಬೇಡಿ. ಆತ ದೇವರಂಥವನಾದರೂ ಅವನ ಮೇಲೆ ಬರುವವನು ಯಾರೋ. ಮಾರಲಾಗದಂತೆ, ಒತ್ತೆಯಿಡಲಾಗದಂತೆ ಪತ್ರ ಬರೆಸಿ. ದಾನ ಕೊಟ್ಟವನ ಮನಸ್ಸು ದೊಡ್ಡದಿದ್ದರೆ ಸಾಲದು, ಕಾಗದ ಗಟ್ಟಿಯಿರಬೇಕು. ಮತ್ತು ಗೆಲ್ಲುತ್ತಿರುವಾಗಲೇ ಲೆಕ್ಕ ಕೇಳಿ. ಸೋತ ಮೇಲೆ ಕೇಳುವ ಲೆಕ್ಕ ಬರಿಯ ಅಳು.

ಒಂದು ಪೌಂಡಿಗೆ ಮಾರಿದವರು ಮಾರಿದರು. ಬಿಡಿಸಿಕೊಂಡ ಊರು ಈಗ ಅದರ ಬೆಲೆಯನ್ನು ಬಲ್ಲದು. ಬೆಲೆ ಬಲ್ಲವರೇ ಒಡೆಯರಾಗಲಿ.